ದೊಡ್ಡವ್ವ ಕೀನ್ಯಾಕ್ಕೆ ಹೋದದ್ದು

ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೊಡುತ್ತೇನೆ. ಆಫ್ರಿಕಾ ಖಂಡದಲ್ಲಿ ಅತಿ ಹೆಚ್ಚು ಪ್ರವಾಸಿಗರು ಹೋಗುವ ದೇಶಗಳು ಯಾವುವು, ಯಾಕೆ ಹೋಗುತ್ತಾರೆ? ಪಠ್ಯಪುಸ್ತಕದಲ್ಲಿ ಈ ಪ್ರಶ್ನೆ ಇಲ್ಲ, ಇದು ನನ್ನದೇ ಖಯಾಲಿ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ಭೂಗೋಳ ಹೇಳುತ್ತಿದ್ದೇನೆ, ಗೋಡೆಯ ನಕ್ಷೆಯ ಮೇಲೆ ಕೋಲು ಆಡಿಸಿ ನೈಲ್ ನದಿಯನ್ನು ಹುಟ್ಟಿನಿಂದ ಸಮುದ್ರದವರೆಗೆ ಇಳಿಸುತ್ತೇನೆ, ಆದರೆ ಕಳೆದ ವರ್ಷದವರೆಗೆ ನಾನು ಸ್ವತಃ ನೋಡಿದ್ದ ಅತಿ ದೂರದ ಊರು ಎಂದರೆ ಮೈಸೂರು. ಅದೂ ತರಬೇತಿಗೆ ಹೋಗಿದ್ದು.

ಎರಡು ವರ್ಷದ ಹಿಂದೆ, ದಸರಾ ರಜೆಗೆ ಮುಂಚೆ, ಆ ಪ್ರಶ್ನೆಯ ಉತ್ತರ ಪತ್ರಿಕೆಗಳನ್ನು ಮನೆಯ ನೆಲದ ಮೇಲೆ ಹರವಿಕೊಂಡು ಕೆಂಪು ಪೆನ್ನಿನಿಂದ ಗೀಚುತ್ತಿದ್ದೆ. ಊರಿಂದ ಬಂದಿದ್ದ ದೊಡ್ಡವ್ವ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆಯವಳು. ನನಗೆ ಐದು ವರ್ಷವಿದ್ದಾಗ ಅವ್ವ ತೀರಿಕೊಂಡಳು, ಆಮೇಲೆ ನನ್ನನ್ನು ಎತ್ತಿ ಬೆಳೆಸಿದವಳು ಇವಳೇ. ನಾನು ಮದುವೆಯಾಗಲಿಲ್ಲ, ಹಾಗಾಗಿ ನನ್ನ ಮನೆಯಲ್ಲಿ ನನ್ನನ್ನು ಬೈಯುವ ಹಕ್ಕು ಇವಳೊಬ್ಬಳಿಗೇ ಉಳಿದಿದೆ, ಅದನ್ನು ಅವಳು ಚೆನ್ನಾಗಿ ಬಳಸುತ್ತಾಳೆ.

ಒಬ್ಬ ಹುಡುಗ ಬರೆದಿದ್ದ: "ಈಜಿಪ್ಟಿಗೆ ಜನ ಹೋಗುತ್ತಾರೆ ಏಕೆಂದರೆ ಅಲ್ಲಿ ಪಿರಮಿಡ್ ಇದೆ. ಪಿರಮಿಡ್ ಇರುವುದರಿಂದ ಜನ ಹೋಗುತ್ತಾರೆ." ನಾನು ಜೋರಾಗಿ ಓದಿ ನಕ್ಕೆ.

"ಏನದು ಪಿರಮಿಡ್ಡು?" ಎಂದಳು ದೊಡ್ಡವ್ವ.

"ರಾಜರ ಗೋರಿ. ಬೆಟ್ಟದಷ್ಟು ಎತ್ತರ. ಸಾವಿರಾರು ವರ್ಷದ್ದು."

"ಗೋರಿ ನೋಡಾಕ ಅಷ್ಟು ದೂರ ಹೋಗ್ತಾರಾ? ಮತ್ತ ಬ್ಯಾರೆ ಎಲ್ಲಿಗೆ ಹೋಗ್ತಾರ?"

ಕೇಳಿದ್ದೇ ತಡ, ನನ್ನೊಳಗಿನ ಟೀಚರ್ ಎದ್ದು ನಿಂತಳು. ಮೊರಾಕ್ಕೊ, ಈಜಿಪ್ಟ್ ಇವೆರಡರ ನಡುವೆ ಮೊದಲ ಸ್ಥಾನಕ್ಕೆ ಪೈಪೋಟಿ. ಮೊರಾಕ್ಕೊ ಯುರೋಪಿಗೆ ಹತ್ತಿರ, ನಡುವೆ ಒಂದು ಸಣ್ಣ ಸಮುದ್ರದ ಕಂಡಿ ಅಷ್ಟೆ. ಹಳೆಯ ಪೇಟೆಗಳು, ಚರ್ಮ ಹದ ಮಾಡುವ ಓಣಿಗಳು, ಮರುಭೂಮಿ, ಒಂಟೆ. ಟುನೀಷಿಯಾಕ್ಕೆ ಚಳಿ ತಡೆಯಲಾರದ ಯುರೋಪಿನವರು ಬಿಸಿಲು ಕಾಯಿಸಿಕೊಳ್ಳಲು ಹೋಗುತ್ತಾರೆ.

"ಬಿಸಲು ಕಾಯಾಕ?" ದೊಡ್ಡವ್ವ ಅವರೆ ಸುಲಿಯುವುದನ್ನು ನಿಲ್ಲಿಸಿದಳು. "ನಮ್ಮ ಕೂಡ್ಲಿಗಿಗೆ ಬರ್ರಿ ಅಂತ ಹೇಳು. ಬೇಕಾದಷ್ಟು ಐತಿ."

ದಕ್ಷಿಣ ಆಫ್ರಿಕಾದಲ್ಲಿ ಒಳ್ಳೆಯ ರಸ್ತೆ, ಸಮುದ್ರ, ದ್ರಾಕ್ಷಿ ತೋಟ, ಕಾಡು ಎಲ್ಲ ಒಂದೇ ಕಡೆ ಸಿಗುತ್ತವೆ ಎಂದೆ. ಮಾರಿಷಸ್‌ಗೆ ಹೊಸದಾಗಿ ಮದುವೆಯಾದವರು ಹೋಗುತ್ತಾರೆ ಎಂದೆ. ಅದಕ್ಕೆ ಅವಳು ನನ್ನನ್ನು ನೋಡಿದ ನೋಟ ಇಲ್ಲಿ ಬೇಡ. ಕೊನೆಗೆ ಕೀನ್ಯಾ, ತಾಂಜಾನಿಯಾ ಎಂದು ಶುರು ಮಾಡಿದೆ. ಅಲ್ಲಿ ಹುಲ್ಲುಗಾವಲಿದೆ, ಮಳೆ ಎಲ್ಲಿ ಬೀಳುತ್ತದೋ ಅಲ್ಲಿಗೆ ಲಕ್ಷಗಟ್ಟಲೆ ಪ್ರಾಣಿಗಳು ಗುಂಪು ಕಟ್ಟಿಕೊಂಡು ನಡೆಯುತ್ತವೆ, ಹುಲ್ಲು ಮುಗಿದರೆ ಮುಂದಿನ ಕಡೆಗೆ, ಮಧ್ಯೆ ಒಂದು ನದಿ ದಾಟಬೇಕು, ಅದನ್ನು ನೋಡಲು ಪ್ರಪಂಚದ ಜನ ದಂಡೆಯ ಮೇಲೆ ಕಾದು ಕೂರುತ್ತಾರೆ. ಫೋನಿನಲ್ಲಿ ಒಂದು ವೀಡಿಯೊ ಹಾಕಿ ತೋರಿಸಿದೆ.

ದೊಡ್ಡವ್ವ ಫೋನನ್ನು ಕೈಗೆ ತೆಗೆದುಕೊಂಡು ಮೂರು ಸಲ ನೋಡಿದಳು. ಆಮೇಲೆ ಕೇಳಿದಳು, "ಇವನ್ನ ಕಾಯೋರು ಯಾರು?"

"ಯಾರೂ ಇಲ್ಲ. ತಾವೇ ಹೋಗ್ತಾವ."

"ಯಾರೂ ಇಲ್ಲದ ಅಷ್ಟು ದೂರ..." ಎಂದಳು. ಮತ್ತೆ ಬುಟ್ಟಿಗೆ ಕೈ ಹಾಕುತ್ತಾ, "ಇದನ್ನ ನೋಡಬೇಕು ನೋಡು," ಎಂದಳು.

ಆ ಮಾತಿಗೆ ನನ್ನೊಳಗೆ ಏನೋ ಕದಲಿತು. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆ ಕುರಿಯವರು ದೀಪಾವಳಿ ಮುಗಿಯುತ್ತಿದ್ದಂತೆ ಊರು ಬಿಡುತ್ತಾರೆ. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ, ತುಂಗಭದ್ರೆಯ ಕಾಲುವೆ ನೀರಿರುವ ಗದ್ದೆಗಳ ಕಡೆ ನಡೆಯುತ್ತಾರೆ. ಕೊಯ್ದ ಗದ್ದೆಯಲ್ಲಿ ಕುರಿ ಮೇಯುತ್ತವೆ, ರಾತ್ರಿ ಅಲ್ಲೇ ನಿಲ್ಲಿಸಿದರೆ ರೈತನಿಗೆ ಗೊಬ್ಬರ. ಮುಂಗಾರು ಬಿದ್ದ ಮೇಲೆ ವಾಪಸ್ಸು. ನನಗೆ ಎಂಟು ವರ್ಷ ತುಂಬುವವರೆಗೆ ನಾನೂ ಆ ಹಿಂಡಿನ ಜೊತೆಗೇ ಇದ್ದೆ. ಆಮೇಲೆ ದೊಡ್ಡವ್ವ ಒಂದು ತೀರ್ಮಾನ ಮಾಡಿದಳು, ಹುಡುಗಿ ಓದಬೇಕು ಎಂದು. ಹರಪನಹಳ್ಳಿಯ ಹಾಸ್ಟೆಲಿಗೆ ಸೇರಿಸಿದಳು. ಪ್ರತಿ ವರ್ಷ ದೀಪಾವಳಿ ರಜೆ ಮುಗಿದ ದಿನ, ಹೊರಟ ಹಿಂಡಿನ ಜೊತೆಗೇ ನನ್ನನ್ನೂ ನಡೆಸಿಕೊಂಡು ಬಂದು ಹಾಸ್ಟೆಲಿನ ಗೇಟಿನಲ್ಲಿ ಬಿಡುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಅಳುತ್ತಿದ್ದೆ. "ಮುಂದಿನ ಸಲ ನಿನ್ನೂ ಕರ್ಕೊಂಡು ಹೋಗ್ತೀನಿ," ಎನ್ನುತ್ತಿದ್ದಳು. ಹೇಳಿ ಹಿಂಡಿನ ಹಿಂದೆ ನಡೆದುಬಿಡುತ್ತಿದ್ದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಅದಕ್ಕೊಂದು ನಿಯಮವಿದೆ. ಮೈಲಾರದ ಬಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಹಣೆಗೆ ಹಚ್ಚಿಕೊಂಡು ಹಿಂಡು ಎಬ್ಬಿಸಿದ ಮೇಲೆ ಯಾರೂ ತಿರುಗಿ ನೋಡಬಾರದು. ಕಾಯುವವರು ತಿರುಗಿದರೆ ಕುರಿಯೂ ತಿರುಗುತ್ತವೆ, ಆ ವರ್ಷ ಹಿಂಡು ಒಂದಾಗಿ ನಡೆಯುವುದಿಲ್ಲ ಎನ್ನುತ್ತಾರೆ. ಈ ನಿಯಮ ನನಗೂ ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು, ಎಂಟು ವರ್ಷದ ಹುಡುಗಿಯ ಸಿಟ್ಟು ಇಳಿಯುತ್ತದೆಯೇ? ನನಗೆ ಐವತ್ತಾದರೂ ಇಳಿದಿರಲಿಲ್ಲ, ಅದು ನನ್ನ ಮಟ್ಟಿಗೆ ನಾಚಿಕೆಯ ವಿಷಯ. ಅವಳು ನನಗಾಗಿ ಏನೆಲ್ಲ ಮಾಡಿದಳು ಎಂದು ಪಟ್ಟಿ ಹಾಕಬಲ್ಲೆ, ಆದರೆ ಜ್ವರ ಬಂದಾಗ ಕನಸಿನಲ್ಲಿ ಬರುವುದು ಮಾತ್ರ ಅವಳ ಬೆನ್ನು, ಕಪ್ಪು ಕಂಬಳಿ ಹೊದ್ದ ಬೆನ್ನು.

ಆದ್ದರಿಂದ ಅವರೆ ಬುಟ್ಟಿಯ ಮುಂದೆ ಕೂತು ನಾನು ಹೇಳಿದೆ, "ದೊಡ್ಡವ್ವ, ನಾವಿಬ್ಬರೂ ಹೋಗೋಣ. ಇನ್ನು ನಿನ್ನ ಕಾಲು ಎಷ್ಟು ದಿನ ನಡೀತಾವೋ. ಮುಂದಿನ ಸಲ ಮುಂದಿನ ಸಲ ಅಂತ ಎಷ್ಟು ವರ್ಷ ದೂಡಿದಿ."

"ನಾನು ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಈಗ ನೀನು ನನ್ನ ಕರ್ಕೊಂಡು ಹೋಗ್ತಿ ಅಂದ್ರ ಲೆಕ್ಕ ಹೆಂಗ ಸರಿ ಆಗ್ತೈತಿ?" ಎಂದಳು. ಆದರೆ ಬೇಡ ಎನ್ನಲಿಲ್ಲ.

ಬೇಸಿಗೆ ರಜೆಗೆ ಬೆಂಗಳೂರಿನಿಂದ ಹೊರಡುವ ಒಂದು ಗುಂಪನ್ನು ಗೊತ್ತು ಮಾಡಿದೆ. ಅವರು ಮೊದಲೇ ಹೇಳಿದ್ದರು, ಮೇ ತಿಂಗಳಲ್ಲಿ ನದಿ ದಾಟುವುದು ಕಾಣುವುದಿಲ್ಲ, ಆ ಹಿಂಡೆಲ್ಲ ಆಗ ತಾಂಜಾನಿಯಾದಲ್ಲಿ ಇರುತ್ತದೆ, ಆನೆ ಸಿಂಹ ಇರುತ್ತವೆ ಎಂದು. ಇರಲಿ ಎಂದೆ. ಅದೇ ದಸರಾ ರಜೆಯಲ್ಲಿ ನನ್ನದರ ಜೊತೆಗೆ ದೊಡ್ಡವ್ವನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಕಚೇರಿಗೆ ಕರೆದುಕೊಂಡು ಹೋಗಿ, ಬೆರಳಚ್ಚು ಕೊಡಿಸಿದೆ. ಅವಳ ಬೆರಳು ಎಷ್ಟು ಸವೆದಿದ್ದವೆಂದರೆ ಯಂತ್ರ ಹಿಡಿಯಲೇ ಇಲ್ಲ, ಆರು ಸಲ ಒತ್ತಿಸಿದರು. ಇನ್ನೇನು ಪೊಲೀಸರು ಮನೆಗೆ ಬಂದು ವಿಚಾರಿಸಿ ಹೋದರೆ ಆಯಿತು ಎಂದು ನಾನು ನಿರಾಳವಾಗಿ ಶಾಲೆಗೆ ಮರಳಿದೆ.

ಡಿಸೆಂಬರಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಫೋನ್ ಮಾಡಿದ. "ಮೇಡಂ, ನಿಮ್ಮ ನಂಬರ್ ಕೊಟ್ಟಾರ. ಅಜ್ಜಿ ಮನಿಗೆ ಎರಡು ಸಲ ಹೋಗಿ ಬಂದೀನ್ರಿ. ಕೀಲಿ ಹಾಕೈತಿ. ಬಾಜೂ ಮನಿಯವ್ರನ್ನ ಕೇಳಿದ್ರ, ಹೋಗ್ಯಾಳ್ರಿ, ಎಲ್ಲಿ ಅದಾಳೋ ಗೊತ್ತಿಲ್ರಿ, ಅಂತಾರ."

ಬಾಗಿಲು ತೆರೆಯುವವರು ಯಾರಿದ್ದಾರೆ? ದೊಡ್ಡವ್ವ, ಅವಳ ಮಗ, ಸೊಸೆ, ನಾಯಿ, ಎಲ್ಲರೂ ಹಿಂಡಿನ ಜೊತೆ ಹೊರಟು ತಿಂಗಳಾಗಿತ್ತು. ನೆರೆಯವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಫ್ರಿಕಾದ ಪ್ರಾಣಿಗಳು ಯಾವ ತಿಂಗಳು ಯಾವ ದೇಶದಲ್ಲಿರುತ್ತವೆ ಎಂದು ನನಗೆ ಬಾಯಿಪಾಠ. ನಮ್ಮ ಮನೆಯವರೇ ದೀಪಾವಳಿ ಆದ ಮೇಲೆ ಊರಲ್ಲಿ ಇರುವುದಿಲ್ಲ ಎನ್ನುವುದು ಮಾತ್ರ ಅರ್ಜಿ ತುಂಬುವಾಗ ತಲೆಗೆ ಬರಲಿಲ್ಲ. ಹಿಂಡಿನಲ್ಲೇ ಬೆಳೆದ ಹುಡುಗಿಗೆ! ಹಾಸ್ಟೆಲು ನನ್ನನ್ನು ಚೆನ್ನಾಗಿಯೇ ಓದಿಸಿತ್ತು.

ಕಾನ್‌ಸ್ಟೇಬಲ್ ಒಳ್ಳೆಯವನು. "ಅಜ್ಜಿ ಈಗ ಎಲ್ಲಿ ಅದಾರ ಅಂತ ಹೇಳ್ರಿ, ಅದನ್ನ ಬರೀತೀನಿ," ಎಂದ. ನಾನು ಅಣ್ಣನಿಗೆ, ಅಂದರೆ ದೊಡ್ಡವ್ವನ ಮಗನಿಗೆ, ಫೋನ್ ಮಾಡಿ ಕೇಳಿದೆ. ಸಿರುಗುಪ್ಪದ ಕಡೆ ಒಂದು ಹಳ್ಳಿಯ ಹೆಸರು ಹೇಳಿದ, ನಾಳೆ ಮತ್ತೊಂದು, ನಾಡಿದ್ದು ಕಾಲುವೆ ಆಚೆ ಎಂದ. ಇದನ್ನು ಕಾನ್‌ಸ್ಟೇಬಲ್‌ಗೆ ಹೇಳಿದೆ. "ಮೇಡಂ, ಈ ಕಾಲಂ ಬಾಳ ಸಣ್ಣದೈತ್ರಿ," ಎಂದ. ಕೊನೆಗೆ ವಿಳಾಸದಲ್ಲಿ ವಾಸವಿಲ್ಲ ಎಂದು ವರದಿ ಹೋಯಿತು, ಹೋಗಲೇಬೇಕಿತ್ತು. ಮೇ ತಿಂಗಳ ಪ್ರವಾಸ ಕೈತಪ್ಪಿತು.

ಸುದ್ದಿ ಹೇಳಲು ಒಂದು ಭಾನುವಾರ ನಾನೇ ಹೋದೆ. ಎರಡು ಬಸ್ಸು, ಒಂದು ಆಟೊ, ಆಮೇಲೆ ಗದ್ದೆಯ ಬದುವಿನ ಮೇಲೆ ನಡಿಗೆ. ದೊಡ್ಡವ್ವ ಒಂದು ಜಾಲಿ ಗಿಡದ ಕೆಳಗೆ ಆಗ ತಾನೇ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದಳು. ಆ ಗದ್ದೆಯ ಮಾಲೀಕನ ಹೆಂಡತಿ ಅವಳಿಗೆ ಮಜ್ಜಿಗೆ ತಂದಿದ್ದಳು. ನನ್ನನ್ನು ಕಂಡು ಆಕೆ, "ಟೀಚರ್ ಆಗಿರೋ ಮಗಳು ಇವರೇನಾ?" ಎಂದು ಕೇಳಿದಳು. ಗೊತ್ತಾಯಿತು, ಹಿಂಡು ಹೋದ ಊರಿಗೆಲ್ಲ ನಾನೂ ಹೋಗಿದ್ದೇನೆ. ಯಾವ ಊರಲ್ಲಿ ಎಷ್ಟನೇ ಕ್ಲಾಸು, ಯಾವ ಊರಲ್ಲಿ ನೌಕರಿ ಸಿಕ್ಕಿತು, ಎಲ್ಲವನ್ನೂ ದೊಡ್ಡವ್ವ ಹೇಳಿಕೊಂಡು ತಿರುಗಿದ್ದಾಳೆ.

ಪಾಸ್‌ಪೋರ್ಟ್ ಆಗಲಿಲ್ಲ ಎಂದೆ. ನನಗೆ ಅಳು ಬಂತು. ಅದು ನನಗೂ ಆಶ್ಚರ್ಯ.

"ಅಳಬ್ಯಾಡ," ಎಂದಳು ದೊಡ್ಡವ್ವ. "ಮುಂಗಾರಿಗೆ ಮನಿಗೆ ಬರ್ತೀನಿ. ಆಗ ಆ ಪೊಲೀಸಪ್ಪನ್ನ ಕರಿ. ಕಟ್ಟಿ ಮ್ಯಾಲ ಕುಂತು ಕಾಯ್ತೀನಿ. ನಮ್ಮ ಕುರಿ ಹೊತ್ತು ನೋಡಿ ಹೊರಡ್ತಾವ, ನಿಮ್ಮ ಸರಕಾರಕ್ಕೂ ಒಂದು ಹೊತ್ತು ಇರ್ಬೇಕಲ್ಲ."

ಹಾಗೇ ಆಯಿತು. ಜೂನ್ ಕೊನೆಯಲ್ಲಿ ಮತ್ತೆ ಅರ್ಜಿ, ಅದೇ ಕಾನ್‌ಸ್ಟೇಬಲ್. ದೊಡ್ಡವ್ವ ಅವನಿಗೆ ಗಿಣ್ಣು ತಿನ್ನಿಸಿ, ಅವನ ಹೆಂಡತಿಯ ತವರು ಯಾವುದೆಂದು ವಿಚಾರಿಸಿ, ತೆಲಿಗಿ ಎಂದಾಗ ಅಲ್ಲಿಯ ಯಾರ್ಯಾರದೋ ಕ್ಷೇಮ ಕೇಳಿ ಕಳಿಸಿದಳಂತೆ. ಯಾರನ್ನು ಯಾರು ವಿಚಾರಿಸಿದರೋ ಗೊತ್ತಿಲ್ಲ, ಪಾಸ್‌ಪೋರ್ಟ್ ಬಂತು. ಬೇಸಿಗೆ ತಪ್ಪಿದ್ದೇ ಒಳ್ಳೆಯದಾಯಿತು. ದಸರಾ ರಜೆಗೆ ಹೊರಡುವ ಗುಂಪು ಸಿಕ್ಕಿತು, ಆ ಹೊತ್ತಿಗೆ ಹಿಂಡುಗಳು ಕೀನ್ಯಾದಲ್ಲೇ ಇರುತ್ತವೆ.

ಹೋಗುವ ಮುಂಚೆ ಹಳದಿ ಜ್ವರದ, ಅಂದರೆ ಯೆಲ್ಲೋ ಫೀವರಿನ, ಚುಚ್ಚುಮದ್ದು ಆಗಬೇಕಿತ್ತು. ಡಾಕ್ಟರು ಅವಳ ವಯಸ್ಸು ನೋಡಿ ಎರಡೆರಡು ಸಲ ಪರೀಕ್ಷೆ ಮಾಡಿ ಆಮೇಲೆ ಹಾಕಿದರು. "ಕುರಿಗೆ ಹಾಕ್ಸಿದಂಗ ನನಗೂ ಹಾಕ್ಸಿದಿ. ಕಿವಿಗೆ ಗುರುತು ಒಂದು ಕತ್ತರಿಸಿಲ್ಲ ನೋಡು," ಎಂದಳು. ವಿಮಾನದಲ್ಲಿ ಗುರೆಳ್ಳು ಪುಡಿ, ಕಟಕು ರೊಟ್ಟಿ ಬಿಚ್ಚಿ ಅಕ್ಕಪಕ್ಕದವರಿಗೆ ಹಂಚಿದಳು. ಕಂಬಳಿಯನ್ನು ಬ್ಯಾಗಿಗೆ ಹಾಕಲು ಒಪ್ಪಲೇ ಇಲ್ಲ, ಹೊದ್ದುಕೊಂಡೇ ಬಂದಳು. ನನಗೆ ಮೊದಲು ಮುಜುಗರವಾಯಿತು, ನೈರೋಬಿಯ ಚಳಿಗೆ ಇಳಿದಾಗ ಅದರ ಒಂದು ಚುಂಗಿನೊಳಗೆ ನಾನೂ ನುಗ್ಗಿದೆ.

ಹಿಂಡುಗಳ ಹುಲ್ಲುಗಾವಲಾದ ಮಸಾಯಿ ಮಾರಾದ ದಾರಿಯಲ್ಲಿ ಕುರಿ ಕಾಯುವ ಒಬ್ಬ ಮುದುಕ ಸಿಕ್ಕ. ದೊಡ್ಡವ್ವ ಗಾಡಿ ನಿಲ್ಲಿಸಲು ಹೇಳಿದಳು. ಗುಂಪಿನವರು ಸಿಂಹಕ್ಕೆ ತಡವಾಗುತ್ತದೆ ಎಂದು ಗೊಣಗಿದರು. ಅವಳು ಇಳಿದು ಹೋಗಿ ಒಂದು ಕುರಿಯ ಬೆನ್ನು ಒತ್ತಿ ನೋಡಿದಳು, ಬಾಯಿ ಬಿಡಿಸಿ ಹಲ್ಲು ನೋಡಿದಳು. ಮುದುಕ ಬೇಡವೆನ್ನಲಿಲ್ಲ, ಇನ್ನೊಂದು ಕುರಿಯನ್ನು ತಾನೇ ಹಿಡಿದು ತಂದ. ವಾಪಸ್ಸು ಬಂದು, "ಕಂಬಳಿಗೆ ಬರೋ ಕೂದಲಾ ಇಲ್ಲ ಪಾಪ. ಆದ್ರ ಚಲೋ ಸಾಕ್ಯಾನ," ಎಂದಳು. ಆ ಇಡೀ ದಿನ ಸಿಂಹ ಕಂಡಾಗಲೂ ಅವಳು ಅಷ್ಟು ಹೊತ್ತು ನೋಡಲಿಲ್ಲ.

ಮರುದಿನ ನದಿ ದಂಡೆ. ಆಚೆಗೆ ಸಾವಿರಾರು ಪ್ರಾಣಿಗಳು ಬಂದು ನಿಂತಿದ್ದವು. ದನದ ಮೈ, ಮೇಕೆಯ ಗಡ್ಡ. ವಿಲ್ಡ್‌ಬೀಸ್ಟ್ ಎಂದು ಮಕ್ಕಳಿಗೆ ಇಪ್ಪತ್ತೈದು ವರ್ಷ ಹೇಳಿದ ಹೆಸರು ಅಲ್ಲಿ ನಿಂತು ದೂಳೆಬ್ಬಿಸುತ್ತಿತ್ತು. ಎರಡು ಗಂಟೆ ಕಾದೆವು. ಮುಂದೆ ಬರುತ್ತವೆ, ನೀರು ಮೂಸುತ್ತವೆ, ಹಿಂದೆ ಸರಿಯುತ್ತವೆ. ಎಲ್ಲರ ಕ್ಯಾಮೆರಾ ಒಂದು ದೊಡ್ಡ ಗಂಡಿನ ಮೇಲಿತ್ತು. ದೊಡ್ಡವ್ವ ಮಾತ್ರ, "ಅದಕ್ಕ ಮನಸ್ಸಿಲ್ಲ. ಆ ಬಾಜೂಕ ಕೋಡು ಮುರಿದಿದ್ದು ಐತಲ್ಲ, ಅದು ಇಳೀತೈತಿ ನೋಡು," ಎಂದಳು. ಸ್ವಲ್ಪ ಹೊತ್ತಿಗೆ ಅದೇ ಇಳಿಯಿತು. ಇಡೀ ಹಿಂಡು ಅದರ ಹಿಂದೆ ನದಿಗೆ ಬಿತ್ತು. ಅವಳ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದ್ದೆ, ನಮ್ಮ ಗಾಡಿಯವನು ಬೆರಗಿನಿಂದ ದೊಡ್ಡವ್ವನಿಗೆ ಕೈ ಮುಗಿದ.

ನೀರು, ಕೂಗು, ದೂಳು. ನಾನು ಬಾಯಿ ತೆರೆದು ನಿಂತಿದ್ದೆ. ಜನ ಇದಕ್ಕೇ ಬರುತ್ತಾರೆ, ಇದಕ್ಕೆ ನಾನು ಮಕ್ಕಳಿಂದ ಬರೆಸುವ ಐದು ಅಂಶಗಳ ಉತ್ತರ ಯಾವ ಮೂಲೆಗೂ ಸಾಲದು. ಹಿಂಡು ಈಚೆ ದಂಡೆ ಹತ್ತಿ ನಮ್ಮ ಪಕ್ಕದಿಂದಲೇ ಹೋಯಿತು. ಆಚೆ ದಂಡೆಯಲ್ಲಿ ಒಂದು ಕರು ಉಳಿದುಬಿಟ್ಟಿತ್ತು. ನೀರಿಗೆ ಕಾಲಿಡುತ್ತದೆ, ತೆಗೆಯುತ್ತದೆ, ಕೂಗುತ್ತದೆ. ಈಚೆ ಬಂದು ಹಿಂಡಿನ ಜೊತೆ ನಡೆದಿದ್ದ ಒಂದು ತಾಯಿ ನಿಂತಿತು. ತಿರುಗಿ ನೋಡಿತು. ಹೋಗುವ ಹಿಂಡಿಗೆ ಎದುರಾಗಿ ನುಗ್ಗಿಕೊಂಡು ಮತ್ತೆ ನೀರಿಗೆ ಇಳಿಯಿತು.

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ದೊಡ್ಡವ್ವನ ಕಡೆ ತಿರುಗಿದೆ. ಅವಳು ಕಂಬಳಿಯ ಚುಂಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಣ್ಣೀರು ಸುರಿಯುತ್ತಿತ್ತು.

"ಅದು ತಿರುಗಿ ನೋಡ್ತು," ಎಂದಳು. "ನನಗ ಆಗ್ಲಿಲ್ಲ. ಹಾಸ್ಟೆಲಿನ ಗೇಟಿನಾಗ ನೀ ಹಂಗಾ ನಿಂತಿದ್ದಿ."

ಅವಳಿಗೆ ನೆನಪಿದೆ ಎಂದು ನನಗೆ ಗೊತ್ತೇ ಇರಲಿಲ್ಲ. "ನಿಯಮ ನನಗೂ ಗೊತ್ತಿತ್ತು ದೊಡ್ಡವ್ವ," ಎಂದೆ.

"ಗೊತ್ತಿತ್ತು ಅಂತ ಸಿಟ್ಟು ಬಿಟ್ಟಿದ್ದೇನು?"

"ಇಲ್ಲ."

"ಮತ್ತ?" ಎಂದು ಮೂಗು ಒರೆಸಿಕೊಂಡಳು. "ಕೆರಿ ತನಕ ಹೋಗಿ, ಕುರಿಗೆ ನೀರು ಕುಡಿಸೋ ನೆವ ಮಾಡಿ, ಏರಿ ಕೆಳಗ ಕುಂತು ಅಳ್ತಿದ್ದೆ. ಪ್ರತಿ ವರ್ಷಾ. ನಿಮ್ಮ ದೊಡ್ಡಪ್ಪ ಬೈತಿದ್ದ, ಕುರಿ ಕುಡದು ಎಷ್ಟು ಹೊತ್ತಾತು, ಇನ್ನ ಯಾಕ ಕುಂತಿ ಅಂತ."

ನಾನು ಅವಳ ಹೆಗಲಿಗೆ ತಲೆ ಇಟ್ಟು ಅತ್ತೆ. ಕಂಬಳಿ ಚುಚ್ಚಿತು. ಗುಂಪಿನವರು ಪ್ರಾಣಿಗಳ ಮೇಲೆ ನಮಗೆಷ್ಟು ಕರುಣೆ ಎಂದುಕೊಂಡಿರಬೇಕು, ಒಬ್ಬಾಕೆ ನೀರಿನ ಬಾಟಲಿ ಕೊಟ್ಟಳು.

ಊರಿಗೆ ಬಂದು ಮೂರು ವಾರಕ್ಕೆ ದೀಪಾವಳಿ. ಅದು ಮುಗಿದ ವಾರ ಹಿಂಡು ಹೊರಟಿತು. ದಾರಿಯಲ್ಲಿ ನಮ್ಮ ಹಗರಿಬೊಮ್ಮನಹಳ್ಳಿಯ ಹೊರಗೆ ಒಂದು ರಾತ್ರಿ ತಂಗಿ, ಬೆಳಿಗ್ಗೆ ಬಂಡಾರ ಹಚ್ಚಿಕೊಂಡು ನನ್ನ ಮನೆಯ ಮುಂದಿನ ರಸ್ತೆಯಲ್ಲೇ ಹಾದರು. ನಾನು ಶಾಲೆಗೆ ಹೊರಟು ಸೀರೆ ಉಟ್ಟು ಗೇಟಿನಲ್ಲಿ ನಿಂತಿದ್ದೆ. ಅಣ್ಣ ಮುಂದೆ, ನಡುವೆ ಕುರಿ, ಕೊನೆಯಲ್ಲಿ ದೊಡ್ಡವ್ವ. ಅವಳು ನನ್ನ ಹಣೆಗೂ ಚಿಟಿಕೆ ಬಂಡಾರ ಹಚ್ಚಿ, "ಹೊತ್ತಿಗೆ ಸರಿಯಾಗಿ ಉಣ್ಣು," ಎಂದು ಹೇಳಿ ನಡೆದಳು. ಕಪ್ಪು ಕಂಬಳಿಯ ಅದೇ ಬೆನ್ನು. ಈ ಸಲ ನನಗೆ ಸಿಟ್ಟಿರಲಿಲ್ಲ, ಗೇಟಿನ ಚಿಲಕ ಹಾಕಿಕೊಳ್ಳಲು ತಿರುಗುತ್ತಿದ್ದೆ.

ಕಿರಾಣಿ ಅಂಗಡಿಯ ಮೂಲೆಯಲ್ಲಿ ದೊಡ್ಡವ್ವ ನಿಂತಳು. ನಿಂತು, ಪೂರಾ ತಿರುಗಿ, ನನ್ನನ್ನು ನೋಡಿದಳು.

ಮುಂದಿನಿಂದ ಅಣ್ಣ ಗಾಬರಿಯಲ್ಲಿ ಕೂಗಿದ, "ಯವ್ವಾ, ತಿರುಗಿ ನೋಡಬ್ಯಾಡ!"

"ಸುಮ್ನ ನಡಿಯಲೇ!" ಅವಳ ದನಿ ಇಡೀ ಓಣಿಗೆ ಕೇಳಿಸಿತು. "ಕುರಿ ನಿನ್ನ ಹಿಂದ ಅದಾವ. ನನ್ನ ಹಿಂದ ನನ್ನ ಮಗಳು ಅದಾಳ."

ನಿಯಮ ಸುಳ್ಳಲ್ಲ. ಒಂದು ಮುದಿ ಕುರಿ ನಿಜವಾಗಿಯೂ ತಿರುಗಿ ನಿಂತುಬಿಟ್ಟಿತು, ಅದರ ಹಿಂದೆ ಇನ್ನೆರಡು. ನಾನು ಬ್ಯಾಗನ್ನು ಗೇಟಿಗೆ ನೇತುಹಾಕಿ, ಸೆರಗು ಸಿಕ್ಕಿಸಿ ಓಡಿದೆ. ಚಿಕ್ಕವಳಿದ್ದಾಗ ಕೂಗುತ್ತಿದ್ದ ಕೂಗು ಬಾಯಿಗೆ ತಾನಾಗಿ ಬಂತು, ಮೂರೂ ಕುರಿ ಮುಂದಕ್ಕೆ ಹೊರಳಿದವು. ದೊಡ್ಡವ್ವ ನಗುತ್ತಾ ನನ್ನ ಕೈಗೆ ತನ್ನ ಕೋಲು ಕೊಟ್ಟಳು. ಆ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ರೈಲ್ವೆ ಗೇಟ್ ದಾಟಿ ಬಹಳ ದೂರದವರೆಗೆ ಅವಳ ಜೊತೆ ನಡೆದೆ.